ಎರಡು ಪಂಕ್ತಿಯ ಸಾರು

ನಮ್ಮ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳಿಗೆ ನಾಲ್ಕು ಜನಕ್ಕೆ ಅಡುಗೆ ಮಾಡಲು ಬರುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ, ಬೇಕಾದರೆ ನಮ್ಮನ್ನು ಕಟ್ಟಿಕೊಂಡ ಗಂಡಂದಿರನ್ನು ಕೇಳಿ ನೋಡಿ. ಕಳೆದ ಸಲ ನಾವು ಹಳೆಯ ವಿದ್ಯಾರ್ಥಿನಿಯರು ಮುಂಬೈಯ ದಹಿಸರಿನಲ್ಲಿ ಒಬ್ಬಳ ಮನೆಯಲ್ಲಿ ಸೇರಿದಾಗ ಪ್ರತಿಯೊಬ್ಬಳೂ ಸ್ವಲ್ಪ ಏನಾದರೂ ಮಾಡಿಕೊಂಡು ಬರಬೇಕೆಂದು ಮಾತಾಗಿತ್ತು. ಬಂದ ಡಬ್ಬಿಗಳನ್ನು ಇಡಲು ಅವಳ ಟೇಬಲ್ಲು, ಕಿಟಕಿಯ ಕಟ್ಟೆ ಯಾವುದೂ ಸಾಲದೆ ಕೊನೆಗೆ ಅವಳ ಸೊಸೆ ಮಂಚದ ಮೇಲೆ ಪೇಪರು ಹಾಸಿದಳು. ಪಾಪ, ಹೊಸ ಸೊಸೆ. "ಆಂಟಿ, ಇನ್ನೂ ಕಿತ್ನೇ ಲೋಗ್ ಬರ್ತಾರೆ?" ಎಂದು ಕೇಳಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳಿಗೆ ಹೇಳಿದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಗೆಳತಿಯರು ಹೇಳಿದರೆ ಅರ್ಧಕ್ಕರ್ಧ ಬಣ್ಣ ಕಟ್ಟುತ್ತಾರೆ. ಅದಕ್ಕೇ ನಾನೇ ಬರೆಯುವುದು ವಾಸಿ.

ಐವತ್ತರ ದಶಕದ ಮಾತು. ಘಾಟ್ಕೋಪರ್ ಸ್ಟೇಶನ್ನಿಗೆ ಹತ್ತಿರವೇ ಒಂದು ಹಳೇ ಬಿಲ್ಡಿಂಗು. ಕೆಳಗೆ ಉಡುಪಿ ಕಡೆಯವರ ಹೋಟೆಲು, ಮೇಲಿನ ಮಾಳಿಗೆಯಲ್ಲಿ ನಮ್ಮ ಹೆಣ್ಣುಮಕ್ಕಳ ಕನ್ನಡ ಶಾಲೆ. ಶಾಲೆ ಅಂದರೆ ಸಾಲಾಗಿ ಕೆಲವು ಕೋಣೆ, ಮುಂದೆ ಉದ್ದಕ್ಕೆ ಒಂದು ಗ್ಯಾಲರಿ, ಅಷ್ಟೇ. ಆಟದ ಬಯಲು ಇರಲಿಲ್ಲ. ನಾವು ಗ್ಯಾಲರಿಯಲ್ಲೇ ಕೈ ಕೈ ಹಿಡಿದು ಗಿರಗಿರ ಸುತ್ತುವ ಫುಗಡಿ ಆಡಿದರೆ ಕೆಳಗೆ ಚಹಾ ಕುಡಿಯುವವರ ಕಪ್ಪಿಗೆ ಸುಣ್ಣದ ಪುಡಿ ಉದುರುತ್ತಿತ್ತಂತೆ. ಗಣಿತದ ಪೀರಿಯಡ್ಡಿಗೆ ಸರಿಯಾಗಿ ಕೆಳಗಿನಿಂದ ಮಸಾಲೆದೋಸೆಯ ವಾಸನೆ ಬರುತ್ತಿತ್ತು. ನಾನು ಗಣಿತದಲ್ಲಿ ಹಿಂದೆ ಬಿದ್ದದ್ದಕ್ಕೆ ಅದೇ ಕಾರಣವೆಂದು ಇವತ್ತಿಗೂ ನನ್ನ ವಾದ.

ಈ ಶಾಲೆಯನ್ನು ಹುಟ್ಟುಹಾಕಿದವರು ಧಾರವಾಡದಿಂದ ಬಂದ ಒಬ್ಬ ಟೀಚರು. ನಮ್ಮ ಕಡೆ ಹೆಣ್ಣು ಟೀಚರನ್ನು ಬಾಯಿಯವರು ಎನ್ನುತ್ತಾರೆ, ನಾವೂ ಹಾಗೇ ಕರೆದೆವು. ಕನ್ನಡದ ಹುಡುಗಿಯರು ನಾಲ್ಕನೇ ಇಯತ್ತೆ, ಅಂದರೆ ನಾಲ್ಕನೇ ತರಗತಿ, ಮುಗಿಸಿ ಮನೆಯಲ್ಲಿ ಕೂರುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಒಂದೊಂದೇ ಕೋಣೆಯ ಸಂಸಾರಗಳು ಸಾಲಾಗಿರುವ ಚಾಳಿನ ತಮ್ಮ ಕೋಣೆಯಲ್ಲೇ ಚಾಪೆ ಹಾಸಿ ಐದನೇ ಇಯತ್ತೆ ಶುರು ಮಾಡಿದರು. ಆ ಚಾಪೆಯ ಮೇಲೆ ಕೂತವರಲ್ಲಿ ನಾನೂ ಒಬ್ಬಳು. ನಾವು ಪಾಸಾಗಿ ಮುಂದೆ ಹೋದ ಹಾಗೆ ಶಾಲೆಯೂ ಒಂದೊಂದು ಇಯತ್ತೆ ಮುಂದೆ ಹೋಯಿತು. ನಮ್ಮ ಮೇಲೆ ಎಂದೂ ಯಾರೂ ಇರಲಿಲ್ಲ. ಚಾಪೆಯಿಂದ ಬೆಂಚಿಗೆ, ಚಾಳಿನಿಂದ ಹೋಟೆಲಿನ ಮಾಳಿಗೆಗೆ, ಎಲ್ಲೆಲ್ಲೂ ನಾವೇ ದೊಡ್ಡವರು. ಹಾಗಾಗಿ ನಮಗೆ ಸೊಕ್ಕು ಸ್ವಲ್ಪ ಜಾಸ್ತಿಯೇ ಇತ್ತು.

ಕ್ಲಾಸಿನಲ್ಲಿ ಅರ್ಧ ಜನ ಕರಾವಳಿಯವರು. ಹೋಟೆಲುಗಳಲ್ಲಿ ದುಡಿಯುವವರ ಮಕ್ಕಳು, ಮನೆಯಲ್ಲಿ ತುಳು, ಕೊಂಕಣಿ. ಇನ್ನರ್ಧ ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯ ನಾವು. ಕರಾವಳಿಯವರ ಕನ್ನಡ ನಮಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು, ನಮ್ಮ ಕನ್ನಡ ಅವರಿಗೆ ಜಗಳ ಆಡಿದ ಹಾಗೆ. ಊಟದ ಹೊತ್ತಿಗೆ ಮಾತ್ರ ಯಾವ ಭೇದವೂ ಇರಲಿಲ್ಲ. ಅವರ ಕಡುಬಿಗೆ ನಮ್ಮ ಶೇಂಗಾ ಚಟ್ನಿ ಹಚ್ಚಿಕೊಂಡು ಎಲ್ಲರೂ ಬಾಯಿ ಚಪ್ಪರಿಸುತ್ತಿದ್ದೆವು.

ನಾನು ವಿಜಾಪುರದವಳು. ಅಪ್ಪ ವಿಕ್ರೋಳಿಯ ಒಂದು ಕಾರಖಾನೆಯಲ್ಲಿ ಮಶೀನಿನ ಮೇಲೆ ಕೆಲಸಕ್ಕಿದ್ದ. ಅವ್ವ ನಾನು ಆರನೇ ಇಯತ್ತೆಯಲ್ಲಿದ್ದಾಗ ಜ್ವರ ಬಂದು ತೀರಿಕೊಂಡಳು. ಮನೆಯಲ್ಲಿ ಅಪ್ಪ, ನಾನು, ಇಬ್ಬರೇ. ಹುಡುಗಿ ಒಬ್ಬಳೇ ಇರುವಾಗ ಒಲೆ ಹಚ್ಚುವುದು ಬೇಡವೆಂದು ಅಪ್ಪ ಕಟ್ಟುನಿಟ್ಟಾಗಿ ಹೇಳಿದ್ದ. ಎರಡು ಹೊತ್ತೂ ನಮ್ಮ ಶಾಲೆಯ ಕೆಳಗಿನ ಹೋಟೆಲಿನಿಂದಲೇ ಊಟದ ಡಬ್ಬಿ ಬರುತ್ತಿತ್ತು. ಅಪ್ಪ ಡ್ಯೂಟಿಗೆ ಹೋದಾಗ ನಾನು ಶಾಲೆಯಲ್ಲಿರುತ್ತೇನೆ, ಅವನು ಬರುವ ಹೊತ್ತಿಗೆ ನಾನೂ ಬರುತ್ತೇನೆ, ಹೀಗೆ ನಮ್ಮ ಸಂಸಾರ ನಡೆದಿತ್ತು.

ಹತ್ತನೇ ಇಯತ್ತೆಯಲ್ಲಿದ್ದಾಗ ಇದಕ್ಕೆಲ್ಲ ಸಂಚಕಾರ ಬಂತು. ಹನ್ನೊಂದನೇ ಇಯತ್ತೆ, ಅಂದರೆ ಮೆಟ್ರಿಕ್ಕಿನ ವರ್ಗ, ತೆರೆಯಬೇಕಾದರೆ ಸರಕಾರದ ಪರವಾನಗಿ ಬೇಕು. ಹೆಣ್ಣುಮಕ್ಕಳ ಶಾಲೆಯಾದ್ದರಿಂದ ಗೃಹವಿಜ್ಞಾನ ಕಲಿಸಲೇಬೇಕು, ಅಡುಗೆ ಕಲಿಸಲು ಅಡುಗೆಮನೆ ಇರಬೇಕು. ವರ್ಷದ ಕೊನೆಗೆ ಇನ್ಸ್‌ಪೆಕ್ಟರ್ ಬಂದು ನೋಡಿ ಸೈ ಎಂದರೆ ಮಾತ್ರ ಮುಂದಿನ ಇಯತ್ತೆ. ನಮ್ಮಲ್ಲಿ ಬೆಂಚು ಹಾಕಲೇ ಜಾಗವಿರಲಿಲ್ಲ, ಅಡುಗೆಮನೆಯನ್ನು ಎಲ್ಲಿಂದ ತರುವುದು?

ಅಪ್ಪನಿಗೆ ಈ ಸುದ್ದಿ ಹೇಳಿದೆ. "ಸಾಲಿ ಇಲ್ಲಂದ್ರ ದಿನಾ ಒಬ್ಬಾಕಿನ್ನ ಚಾಳಿನ್ಯಾಗ ಬಿಟ್ಟು ನಾ ಹ್ಯಾಂಗ ಕೆಲಸಕ್ಕ ಹೋಗ್ಲಿ? ವಿಜಾಪುರದಾಗ ಅತ್ತಿ ಅದಾಳ. ಆಕಿ ಕಡೆ ಇರು," ಎಂದ. ಅತ್ತೆ ಒಳ್ಳೆಯವಳೇ. ಆದರೆ ಅತ್ತೆಯ ಮನೆ ಎಂದರೆ ಓದು ಅಲ್ಲಿಗೆ ಮುಗಿಯಿತು. ಈ ಬಾಯಿಯವರಿಲ್ಲ, ಈ ಗ್ಯಾಲರಿಯಿಲ್ಲ, ಬೆಂಚಿನಲ್ಲಿ ಪಕ್ಕಕ್ಕೆ ಕೂರುವ ಗೆಳತಿಯಿಲ್ಲ. ಅಪ್ಪನಿಲ್ಲ. ನಾನು ಊಟ ಬಿಟ್ಟು ಮುಖ ಊದಿಸಿಕೊಂಡು ಮಲಗಿದೆ. ಅಪ್ಪ ಡಬ್ಬಿ ಮುಚ್ಚಿಟ್ಟ.

ನನ್ನ ಪಕ್ಕ ಕೂರುವ ಆ ಗೆಳತಿ ಕೆಳಗಿನ ಹೋಟೆಲಿನ ಧಣಿಯ ಮಗಳು. ಮಾತಿನ ಮಲ್ಲಿ, ಯಾರಿಗೂ ಹೆದರದವಳು. ದಾರಿ ತೋರಿಸಿದ್ದು ಅವಳೇ. ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯ ತಿಂಡಿ ಶುರುವಾಗುವ ತನಕ ಅಡುಗೆಮನೆ ಖಾಲಿ, ಅಡುಗೆಯವರು ಅಕ್ಕಿ ಮೂಟೆಗೆ ಒರಗಿ ನಿದ್ದೆ ಹೊಡೆಯುತ್ತಾರೆ, ಆ ಹೊತ್ತಿನಲ್ಲಿ ನಾವೇಕೆ ಅಲ್ಲಿ ಕಲಿಯಬಾರದು ಎಂದಳು. ಬಾಯಿಯವರು ಅವಳನ್ನು ಒಂದು ಗಳಿಗೆ ನೋಡಿ, ಚಪ್ಪಲಿ ಮೆಟ್ಟಿ ನೇರ ಕೆಳಗಿಳಿದರು. ಧಣಿ ಮೊದಲು ತಲೆ ಕೆರೆದುಕೊಂಡರು. ಮನೆಯಲ್ಲಿ ಹೆಂಡತಿ, ಮಗಳು ಇಬ್ಬರೂ ಸೇರಿ ಬೆನ್ನು ಹತ್ತಿದ ಮೇಲೆ ಒಪ್ಪಿದರು. ಅವರದೂ ಒಂದು ಷರತ್ತು. ಸಾಮಾನು ಹೋಟೆಲಿನದು, ಹುಡುಗಿಯರು ಮಾಡಿದ್ದು ಸಂಜೆ ಗಿರಾಕಿಗಳಿಗೆ ಹೋಗಬೇಕು, ಒಂದು ಕಾಳೂ ದಂಡವಾಗಬಾರದು.

ರಾದ್ಧಾಂತ ಮಾಡಿದವರು ಹೋಟೆಲಿನ ಮುಖ್ಯ ಅಡುಗೆಯ ಭಟ್ಟರು. ದಪ್ಪ ಹೊಟ್ಟೆ, ಹೆಗಲಿಗೆ ಒಂದು ಕೆಂಪು ಪಂಚೆ, ತನ್ನಂಥ ಅಡುಗೆಯವನು ಇಡೀ ಮುಂಬೈಯಲ್ಲಿ ಇಲ್ಲವೆಂಬ ಗತ್ತು. ಹೆಂಗಸರು ಎಂದೂ ಕಾಲಿಡದ ಆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

"ಎಂತ ಧಣಿ ಇದು? ಹುಡುಗಿಯರು ಒಳಗೆ ಬಂದ್ರೆ ನಾನು ಇವತ್ತೇ ಊರಿಗೆ ಹೋಗುದು. ಅಡಿಗೆ ಕಲಿಸ್ಲಿಕ್ಕೆ ನಾನೆಂತ ಶಾಲೆ ಮಾಸ್ಟ್ರಾ?"

ಬಾಯಿಯವರು ದನಿ ಏರಿಸಲಿಲ್ಲ. "ಭಟ್ಟರ, ನೀವು ಕಲಿಸೂದು ಬ್ಯಾಡ್ರಿ. ನೀವು ಸುಮ್ನ ನಿಂತು ಬೈತಾ ಇರ್ರಿ. ಹುಡಿಗ್ಯಾರು ತಾವ ಕಲೀತಾರ."

ಬೈಯಲು ಸಿಕ್ಕ ಅವಕಾಶವನ್ನು ಭಟ್ಟರು ಬಿಡುವವರಲ್ಲ. ಪಕ್ಕಕ್ಕೆ ಸರಿದರು. ನಾವು ಒಳಗೆ ಹೋದೆವು.

ಒಳಗೆ ಹೋದ ಮೇಲೆ ನಾವು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತೆವು. ಒಬ್ಬಳು ಕೂತು ಸ್ನಾನ ಮಾಡುವಷ್ಟು ದೊಡ್ಡ ಕೊಪ್ಪರಿಗೆ. ನಮ್ಮ ಎತ್ತರದ ಸೌಟು. ಕೆಂಡ ನಿಗಿನಿಗಿ ಅನ್ನುವ ಭಟ್ಟಿ. ನಾನು ಜೀವನದಲ್ಲಿ ಮೊದಲು ಬೆಂಕಿ ಹೊತ್ತಿಸಿದ್ದು ಆ ಭಟ್ಟಿಯಲ್ಲಿ, ಮೊದಲು ಕುದಿಸಿದ್ದು ಆ ಕೊಪ್ಪರಿಗೆಯ ಸಾರು. ಇದನ್ನು ನೀವು ನೆನಪಿಟ್ಟುಕೊಂಡರೆ ಮುಂದಿನದಕ್ಕೆ ನನ್ನನ್ನು ದೂರುವುದಿಲ್ಲ.

ಅಲ್ಲಿ ಸೇರು, ಪಾವು ಯಾವುದೂ ಇರಲಿಲ್ಲ. ಭಟ್ಟರ ಅಳತೆ ಒಂದೇ, ಪಂಕ್ತಿ. ಒಂದು ಸಾಲು ಜನ ಕೂತು ಉಂಡರೆ ಅದು ಒಂದು ಪಂಕ್ತಿ. ಎರಡು ಪಂಕ್ತಿಯ ಸಾರಿಗೆ ಎರಡು ಮುಷ್ಟಿ ಉಪ್ಪು, ಬೊಗಸೆ ತುಂಬ ಹುಣಸೆಹಣ್ಣು, ಬೇಳೆ ತಾಮ್ರದ ಬಿಂದಿಗೆಯಲ್ಲಿ ಕಂಠದ ತನಕ. "ಮುಷ್ಟಿ ಅಂದ್ರೆ ಮುಷ್ಟಿ. ಚಿಟಿಕೆ ಹಾಕ್ಲಿಕ್ಕೆ ಇದೆಂತ ದೇವರ ತೀರ್ಥವಾ?" ಎಂದು ಭಟ್ಟರು ಗದರುತ್ತಿದ್ದರು. ಕೆಲವೇ ವಾರಗಳಲ್ಲಿ ನಮ್ಮ ಕೈ ಪಳಗಿತು. ಉಪ್ಪಿನ ಡಬ್ಬಿ ಕಂಡರೆ ಸಾಕು, ಬೆರಳು ತಾವಾಗಿ ಮಡಚಿಕೊಂಡು ಮುಷ್ಟಿ ಕಟ್ಟುತ್ತಿದ್ದವು.

ಮಾರ್ಕು ಕೊಡುವವರು ಗಿರಾಕಿಗಳು. ಸಂಜೆ ಹೋಟೆಲಿನಲ್ಲಿ ತಿಂದವರಿಗೆ ಇದು ಹತ್ತನೇ ಇಯತ್ತೆಯ ಹುಡುಗಿಯರ ಕೈಕೆಲಸವೆಂದು ಹೇಗೆ ತಿಳಿಯಬೇಕು? ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಬಾಯಿಯವರು ನನ್ನ ಗೆಳತಿಯನ್ನು ನಿಲ್ಲಿಸಿ ಕೇಳುತ್ತಿದ್ದರು, "ನಿನ್ನೆ ಏನೇನು ತಿರುಗಿ ಬಂತು?" ತಟ್ಟೆಯಲ್ಲಿ ಮಿಕ್ಕಿದ್ದೇ ನಮ್ಮ ರಿಸಲ್ಟು. ಒಂದು ದಿನ ಅವಳು ಗಂಭೀರವಾಗಿ, "ಉಪ್ಪಿಟ್ಟು ಎಲ್ಲರೂ ಬಿಟ್ಟಿದ್ದಾರೆ ಬಾಯಿ. ಒಬ್ಬರು ಮಾತ್ರ ತಿಂದ್ರು, ಅವರಿಗೆ ಲೋಕಲ್ ಗಾಡಿ ಹಿಡೀಲಿಕ್ಕಿತ್ತು," ಎಂದಳು. ಆ ಉಪ್ಪಿಟ್ಟು ಮಾಡಿದ ಬೆಳಗಾವಿಯ ಹುಡುಗಿ ಇವತ್ತಿಗೂ ಆ ಗಿರಾಕಿಯ ಹೊಟ್ಟೆ ತಣ್ಣಗಿರಲಿ ಎನ್ನುತ್ತಾಳೆ.

ಭಟ್ಟರಿಗೂ ಬಾಯಿಯವರಿಗೂ ದಿನಾ ಒಂದು ಜಟಾಪಟಿ ಇದ್ದೇ ಇರುತ್ತಿತ್ತು. ಸಾರಿಗೆ ಬೆಲ್ಲ ಹಾಕಲೇಬೇಕೆಂದು ಭಟ್ಟರು, ಅಷ್ಟು ಬೆಲ್ಲ ಹಾಕಿದರೆ ಅದು ಪಾಯಸವೆಂದು ಬಾಯಿಯವರು. ಒಣಮೆಣಸು ಎಷ್ಟು ಎಂಬುದಕ್ಕೆ ಇನ್ನೊಂದು ಜಗಳ. ಒಂದು ದಿನ ಅವರು, ಒಂದು ದಿನ ಇವರು ಗೆಲ್ಲುತ್ತಿದ್ದರು. ಬೈಗುಳ ಕೇಳುತ್ತ ಕೇಳುತ್ತ ನಾವು ಎರಡೂ ಕಡೆಯ ಅಡುಗೆ ಕಲಿತೆವು. ಭಟ್ಟರು ನಿದ್ದೆ ಬಿಟ್ಟು ನಮಗಿಂತ ಮುಂಚೆ ಬಂದು ಬಾಗಿಲಲ್ಲಿ ಕಾಯತೊಡಗಿದರು. "ಇವತ್ತು ಲೇಟಾಯ್ತಲ್ಲ, ಎಂತ, ಪಾಠ ಜಾಸ್ತಿಯಾ?" ಎಂದು ಸಿಡುಕುತ್ತಿದ್ದರು.

ಬೇಸಿಗೆ ಹತ್ತಿರ ಬಂತು, ಇನ್ಸ್‌ಪೆಕ್ಟರ್ ಬರುವ ದಿನವೂ ಬಂತು. ಆ ಒಂದು ದಿನದ ಮಟ್ಟಿಗೆ ಮೇಲಿನ ಒಂದು ಕೋಣೆಯ ಬೆಂಚು ಸರಿಸಿ ಬಾಯಿಯವರು ಅದನ್ನೇ ಅಡುಗೆಮನೆ ಮಾಡಿದ್ದರು. ಒಬ್ಬೊಬ್ಬರ ಮನೆಯಿಂದ ಒಂದೊಂದು ಇದ್ದಿಲು ಹಾಕುವ ಶೇಗಡಿ ಒಲೆ, ಪುಟ್ಟ ಪುಟ್ಟ ತಪೇಲಿ, ಹೊಸ ಲಟ್ಟಣಿಗೆ. ಗೋಡೆಗೆ ಸುಣ್ಣ, ಬಾಗಿಲಿಗೆ ರಂಗೋಲಿ. ಅಭ್ಯಾಸಕ್ರಮದಲ್ಲಿ ಇದ್ದದ್ದು ಐದು ಜನರ ಕುಟುಂಬಕ್ಕೆ ಒಂದು ಹೊತ್ತಿನ ಊಟ, ಅಂದರೆ ಚಪಾತಿ, ಪಲ್ಯ, ಅನ್ನ, ಸಾರು, ಒಂದು ಸಿಹಿ. ಅನ್ನ ನನ್ನ ಗೆಳತಿಗೆ, ಸಾರು ನನಗೆ. ಅಪ್ಪ ಆ ಬೆಳಿಗ್ಗೆ ಹೋಗುವಾಗ, "ಇವತ್ತ ಬರತಾರಲ್ಲ ಅವರು?" ಎಂದಷ್ಟೇ ಕೇಳಿದ್ದ. ಅಪ್ಪ ಬರೆದ ಕಾಗದಕ್ಕೆ ಅತ್ತೆಯ ಉತ್ತರ ಅದಾಗಲೇ ಬಂದಿತ್ತು, ನನಗಾಗಿ ಕೋಣೆ ತೆರವು ಮಾಡಿದ್ದಾಳಂತೆ.

ಇನ್ಸ್‌ಪೆಕ್ಟರ್ ಬಿಳಿ ಸೀರೆಯ ಎತ್ತರದ ಹೆಂಗಸು. ಮರಾಠಿಯವರು, ಬೆಳಗಾವಿಯಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ನಗು ಮಾತ್ರ ಬರುತ್ತಿರಲಿಲ್ಲ. ನಮಗೆ ಶುರು ಮಾಡಲು ಹೇಳಿ, ತಾವು ಬಾಯಿಯವರ ಜೊತೆ ಬೇರೆ ಕ್ಲಾಸುಗಳನ್ನು ನೋಡಲು ಹೋದರು.

ಬೇಳೆ ಬೆಂದಿತು. ತಪೇಲಿಗೆ ಹಾಕಿದೆ, ಹುಣಸೆ ರಸ ಹಾಕಿದೆ, ಉಪ್ಪಿನ ಡಬ್ಬಿ ತೆಗೆದೆ. ಮುಂದಿನದು ನಾನು ಮಾಡಿದ್ದಲ್ಲ, ನನ್ನ ಕೈ ಮಾಡಿದ್ದು. ಎರಡು ಮುಷ್ಟಿ ಉಪ್ಪು ಒಳಗೆ ಬಿದ್ದ ಮೇಲೆ ನನಗೆ ಎಚ್ಚರವಾಯಿತು.

ಗೆಳತಿ ಬೆರಳಿಗೆ ಹನಿ ಹಚ್ಚಿ ನೆಕ್ಕಿದಳು. "ಮಾರಾಯ್ತಿ, ಇದು ಜುಹೂ ಬೀಚಿನ ನೀರು," ಎಂದಳು.

ನಾನು ಚೊಂಬು ಎತ್ತಿದೆ. ನೀರು ಹಾಕಿದೆ. ತಪೇಲಿ ಸಾಲಲಿಲ್ಲ, ದೊಡ್ಡದಕ್ಕೆ ಸುರಿದೆ. ಈಗ ಉಪ್ಪು ಕಡಿಮೆಯಾಯಿತೇ ಎಂದರೆ ಇಲ್ಲ, ಹುಳಿ ಮಾತ್ರ ಮಾಯವಾಗಿತ್ತು. ಹುಣಸೆ ಹಿಂಡಿದೆವು. ಸಾರು ತಿಳಿಯಾಯಿತೆಂದು ಇನ್ನಷ್ಟು ಬೇಳೆ. ಬೇಳೆಗೆ ತಕ್ಕ ಖಾರ. ಖಾರಕ್ಕೆ ತಕ್ಕ ಬೆಲ್ಲ. ದೊಡ್ಡ ಪಾತ್ರೆಯೂ ತುಂಬಿ ತುಳುಕಿತು. ಅಷ್ಟರಲ್ಲಿ ಅನ್ನದ ಕಡೆ ನೋಡಿದರೆ ಅಲ್ಲಿಯೂ ಅದೇ ಕತೆ. ಗೆಳತಿ ಹೋಟೆಲಿನ ಅಳತೆಗೆ ಅಕ್ಕಿ ತೊಳೆದು ಇಟ್ಟಿದ್ದಳು, ಅದು ಉಬ್ಬಿ ಮುಚ್ಚಳವನ್ನು ಎತ್ತಿ ಇಣುಕುತ್ತಿತ್ತು. ಚಪಾತಿಯವರು ತಲೆ ಎತ್ತದೆ ಲಟ್ಟಿಸುತ್ತಲೇ ಇದ್ದರು, ಅವರ ಮುಂದಿನ ರಾಶಿಯ ಹಿಂದೆ ಅವರ ಮುಖ ಕಾಣುತ್ತಿರಲಿಲ್ಲ.

"ನಾನು ಭಟ್ರನ್ನ ಕರೀತೇನೆ," ಎಂದು ಗೆಳತಿ ಮೆಟ್ಟಿಲಿಳಿದು ಓಡಿದಳು.

ಎಂದೂ ಮೇಲೆ ಹತ್ತದ ಭಟ್ಟರು ಕೊಪ್ಪರಿಗೆಯನ್ನು ತಲೆಯ ಮೇಲಿಟ್ಟುಕೊಂಡು ಏದುಸಿರು ಬಿಡುತ್ತ ಬಂದರು. ಮೂರು ಶೇಗಡಿಗಳನ್ನು ಒತ್ತಿಗೆ ಎಳೆದು ಅವುಗಳ ಮೇಲೆ ಅದನ್ನು ಕೂರಿಸಿದರು. "ಎಷ್ಟು ಪಂಕ್ತಿ?" ಎಂದರು.

"ಐದು ಜನಕ್ಕೆ, ಭಟ್ರೇ," ಎಂದೆ. ಅಳು ಬರುವುದರಲ್ಲಿತ್ತು.

"ಐದು ಜನಕ್ಕೆ ಮಾಡುದು ಅಡಿಗೆಯಾ? ಅದು ಕಷಾಯ," ಎಂದು ಭಟ್ಟರು ನನ್ನ ಸಾರನ್ನು ಕೊಪ್ಪರಿಗೆಗೆ ಸುರಿದು ಸೌಟು ಕೈಗೆ ಕೊಟ್ಟರು. "ಈಗ ಎರಡು ಪಂಕ್ತಿಗೆ ಸರಿ ಮಾಡು. ಅದು ನಿನಗೆ ಬರ್ತದೆ."

ಹೌದು, ಅದು ನನಗೆ ಬರುತ್ತಿತ್ತು. ಸೌಟು ಹಿಡಿದೆ. ಸಾರು ಕುದಿಯಿತು, ಒಗ್ಗರಣೆ ಚೊರ್ ಎಂದಿತು, ಇಂಗಿನ ವಾಸನೆ ಗ್ಯಾಲರಿಯ ತುದಿಯವರೆಗೆ ಹೋಯಿತು. ಅದರ ಬೆನ್ನಿಗೇ ಇನ್ಸ್‌ಪೆಕ್ಟರ್ ಬಾಗಿಲಿಗೆ ಬಂದರು.

ಅವರು ಕೊಪ್ಪರಿಗೆ ನೋಡಿದರು. ಚಪಾತಿಯ ರಾಶಿ ನೋಡಿದರು. ಗೋಡೆಗೆ ಅಂಟಿಕೊಂಡು ನಿಂತ ಭಟ್ಟರನ್ನು ನೋಡಿದರು. "ಇದು ಐದು ಮಂದೀ ಅಡಿಗಿ ಏನು?" ಎಂದರು.

ಬಾಯಿಯವರ ಮುಖ ಬಿಳಿಚಿಕೊಂಡಿತು. ನನ್ನ ಕಣ್ಣ ಮುಂದೆ ವಿಜಾಪುರದ ಗಾಡಿ ಹೊರಟುಹೋಯಿತು. ಇನ್ಸ್‌ಪೆಕ್ಟರ್ ಪೆನ್ನು ತೆಗೆದರು.

ಆಗ ಮಧ್ಯೆ ಮಾತಾಡಿದವಳು ನನ್ನ ಗೆಳತಿ. "ಐದು ಜನ ಇರುವ ಮನೆ ನಾವು ಎಲ್ಲಿಯೂ ನೋಡಿಲ್ಲ, ಇನ್ಸ್‌ಪೆಕ್ಟರ್ ಬಾಯಿ," ಎಂದಳು. ಉದ್ಧಟತನವಲ್ಲ, ಇದ್ದದ್ದನ್ನು ಹೇಳಿದಳು.

ಪೆನ್ನು ನಿಂತಿತು. "ನಿಮ್ಮ ಮನ್ಯಾಗ ಎಷ್ಟು ಮಂದಿ?"

"ನಾವು ಎಂಟು ಜನ. ಮತ್ತೆ ಹೋಟೆಲಿನವರು. ಊರಿಂದ ಕೆಲಸ ಹುಡುಕ್ಲಿಕ್ಕೆ ಬಂದವರು ಕೆಲಸ ಸಿಗುವ ತನಕ ನಮ್ಮಲ್ಲೇ ಊಟ."

ಇನ್ಸ್‌ಪೆಕ್ಟರ್ ಪಕ್ಕದವಳ ಕಡೆ ತಿರುಗಿದರು. ಬೆಳಗಾವಿಯ ಹುಡುಗಿ, "ನಿನ್ನೆ ಹನ್ನೆರಡು ಮಂದಿ ಇದ್ವಿರಿ. ಇವತ್ತ ಗೊತ್ತಿಲ್ಲ. ಊರ ಗಾಡಿ ಬಂದಿದ್ರ ಹೆಚ್ಚ ಆಗಿರತಾರ," ಎಂದಳು. ಇನ್ನೊಬ್ಬಳ ಮನೆಯಲ್ಲಿ ಮೂವರು ಕಾಕಾಗಳು, ಅವರ ಗೆಳೆಯರು. ಮತ್ತೊಬ್ಬಳ ಮನೆಯಲ್ಲಿ ಎರಡು ಪಾಳಿಯಲ್ಲಿ ಊಟ, ರಾತ್ರಿ ಪಾಳಿ ಮುಗಿಸಿ ಬಂದವರು ಉಂಡು ಮಲಗಿದ ಮೇಲೆ ಹಗಲಿನವರು. ಕನ್ನಡದವನೊಬ್ಬ ಮುಂಬೈಗೆ ಬಂದಿಳಿದರೆ ಯಾರದಾದರೂ ಮನೆಯ ತಟ್ಟೆಗೆ ಕೈ ಹಾಕಲೇಬೇಕಲ್ಲ, ಅಂಥ ಮನೆಗಳ ಹುಡುಗಿಯರೆಲ್ಲ ನಮ್ಮ ಕ್ಲಾಸಿನಲ್ಲೇ ಇದ್ದರು.

ಕೊನೆಗೆ ನನ್ನ ಸರದಿ. "ನಿಮ್ಮ ಮನ್ಯಾಗ?"

"ಇಬ್ಬರುರಿ. ಅಪ್ಪ, ನಾನು."

"ಅಡಿಗಿ ಯಾರು ಮಾಡತಾರ?"

"ಯಾರೂ ಮಾಡಂಗಿಲ್ಲರಿ. ಹೋಟೆಲಿಂದ ಡಬ್ಬಿ ಬರತೈತಿ. ನಾ ಒಲಿ ಹಚ್ಚಿದ್ದು ಇಲ್ಲೇರಿ, ಈ ಗೆಳತ್ಯಾರ ಕೂಡ."

ಇನ್ಸ್‌ಪೆಕ್ಟರ್ ಕೊಪ್ಪರಿಗೆಯ ಕಡೆ ಕೈ ತೋರಿಸಿದರು. "ಹಂಗಾರ ಇದೆಲ್ಲಾ ಯಾರಿಗೆ ಮಾಡಿದಿ?"

ಸುತ್ತ ನೋಡಿದೆ. "ಇಲ್ಲಿ ಅದಾರಲ್ಲರಿ, ಎಲ್ಲಾರಿಗೂ," ಎಂದೆ.

ಇನ್ಸ್‌ಪೆಕ್ಟರ್ ಪೆನ್ನಿಗೆ ಮುಚ್ಚಳ ಹಾಕಿ, "ಹಂಗಾರ ಎಲಿ ಹಾಕ್ರಿ. ಎಲ್ಲಾರನ್ನೂ ಕರೀರಿ," ಎಂದು ತಾವೇ ಮೊದಲು ಗ್ಯಾಲರಿಗೆ ಹೋಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಆ ಊಟವನ್ನು ಹೇಗೆ ವರ್ಣಿಸಲಿ? ಕೆಳಗಿನಿಂದ ಬಾಳೆಯೆಲೆ ಬಂತು. ಐದನೇ ಇಯತ್ತೆಯ ಪುಟಾಣಿಗಳಿಂದ ಹಿಡಿದು ಟೀಚರುಗಳ ತನಕ ಗ್ಯಾಲರಿಯ ಉದ್ದಕ್ಕೆ ಎರಡು ಪಂಕ್ತಿ, ಸರಿಯಾಗಿ ಎರಡು. ಭಟ್ಟರು ಹೆಗಲಿನ ಪಂಚೆಯನ್ನು ಸೊಂಟಕ್ಕೆ ಬಿಗಿದು ಬಡಿಸಲು ನಿಂತರು. ಇನ್ಸ್‌ಪೆಕ್ಟರ್ ಎಲೆಯ ಮುಂದೆ ಬಂದಾಗ ಸಾರನ್ನು ತಳದ ತನಕ ಕಲಕಿ ಬಡಿಸಿದರು. ಆಕೆ ಸಾರನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಭಟ್ಟರು ಬಾಯಿಯವರ ಕಡೆ ತಿರುಗಿ, "ನೋಡಿ, ಬೆಲ್ಲ," ಎಂದರು. ಬಾಯಿಯವರು, "ಅದು ಬೆಲ್ಲ ಅಲ್ರಿ, ಬ್ಯಾಡಗಿ ಮೆಣಸಿನಕಾಯಿ," ಎಂದರು. ಹುಡುಗಿಯರೆಲ್ಲ ನಕ್ಕು ಕೆಮ್ಮಿದರು. ಅಷ್ಟು ಸಂತೋಷ ಒಂದು ಗ್ಯಾಲರಿಯಲ್ಲಿ ಹಿಡಿಸಿದ್ದೇ ಆಶ್ಚರ್ಯ.

ಹೊರಡುವಾಗ ಇನ್ಸ್‌ಪೆಕ್ಟರ್ ಬಾಯಿಯವರಿಗೆ ಹೇಳಿದ್ದು ಇಷ್ಟೇ. "ಸಾರು ಛಲೋ ಆಗೇದ. ಅಭ್ಯಾಸಕ್ರಮ ಆಗಿಲ್ಲ. ನಾ ಏನು ಬರೀಬೇಕಂತ ವಿಚಾರ ಮಾಡತೀನಿ." ಆಮೇಲೆ ಮೆಟ್ಟಿಲಿಳಿದು ಹೋದರು. ಇದು ಪಾಸೋ ನಪಾಸೋ ಬಾಯಿಯವರಿಗೂ ತಿಳಿಯಲಿಲ್ಲ.

ಪರವಾನಗಿ ಜೂನ್ ತಿಂಗಳಲ್ಲಿ ಬಂತು. ಈಗಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸಿ ಸತಾಯಿಸುವ ಚಾಳಿ ನನಗಿಲ್ಲ. ನಾವು ಅದೇ ಮಾಳಿಗೆಯ ಮೇಲೆ ಹನ್ನೊಂದನೇ ಇಯತ್ತೆಗೆ ಕೂತೆವು, ಮೆಟ್ರಿಕ್ ಪಾಸಾದೆವು, ನಮ್ಮ ಹಿಂದೆ ಎಷ್ಟೋ ಹುಡುಗಿಯರು ಪಾಸಾದರು. ಆದರೆ ನನ್ನ ಮಟ್ಟಿಗೆ ವಿಷಯ ಇತ್ಯರ್ಥವಾದದ್ದು ಜೂನಿನಲ್ಲಲ್ಲ, ಅದೇ ದಿನ ಸಂಜೆ.

ಪಂಕ್ತಿಯಲ್ಲಿ ಅರ್ಧ ಪುಟಾಣಿಗಳೇ ಇದ್ದದ್ದರಿಂದ ಅಡುಗೆ ಬೇಕಾದಷ್ಟು ಮಿಕ್ಕಿತ್ತು, ಅದನ್ನು ಬಾಯಿಯವರು ಎಲ್ಲರಿಗೂ ಹಂಚಿದರು. ನನ್ನ ಪಾಲಿಗೆ ಒಂದು ದೊಡ್ಡ ಪಾತ್ರೆ ಸಾರು, ಒಂದು ಬುಟ್ಟಿ ಅನ್ನ. ಗೆಳತಿಯೂ ನಾನೂ ಆಚೀಚೆ ಹಿಡಿದು ನಮ್ಮ ಚಾಳಿನ ತನಕ ತಂದೆವು. ಅಪ್ಪ ಡ್ಯೂಟಿ ಮುಗಿಸಿ ವಿಕ್ರೋಳಿಯಿಂದ ಬಂದು ಬಾಗಿಲಲ್ಲೇ ನಿಂತ.

"ಏನಿದು?"

"ಸಾರು. ನಾ ಮಾಡಿದ್ದು."

"ಇಷ್ಟಾ? ಇಬ್ಬರಿಗೆ?"

ನಾನು ನಡೆದದ್ದೆಲ್ಲ ಹೇಳಿದೆ. ಉಪ್ಪಿನ ಮಾತು, ಕೊಪ್ಪರಿಗೆಯ ಮಾತು. ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದ್ದು, ಎಲ್ಲರೂ ಹತ್ತು ಹನ್ನೆರಡು ಎಂದದ್ದು, ನಾನು ಇಬ್ಬರು ಎಂದದ್ದು. ಅಪ್ಪ ಕೇಳುತ್ತ ಕೂತಿದ್ದ. ಒಂದು ಸಲ ಸಾರಿನ ಮೇಲಿನ ಮುಚ್ಚಳ ತೆಗೆದು ನೋಡಿದ, ಮುಚ್ಚಿದ. ಆಮೇಲೆ ಎದ್ದು ಮುಖ ತೊಳೆದು, ಅಂಗಿ ಬದಲಿಸಿ, ಚಾಳಿನ ಗ್ಯಾಲರಿಗೆ ಹೋದ.

ಅವ್ವ ಇದ್ದಾಗ ನಮ್ಮ ಕೋಣೆಯಲ್ಲಿ ದಿನಾ ಯಾರಾದರೂ ಒಬ್ಬರು ಉಂಡು ಹೋಗುತ್ತಿದ್ದರು. ಅವಳು ಹೋದ ಮೇಲೆ ಅಪ್ಪ ಯಾರನ್ನೂ ಕರೆದಿರಲಿಲ್ಲ, ಯಾರ ಮನೆಗೂ ಹೋಗಿರಲಿಲ್ಲ. ಆ ಸಂಜೆ ಅವನು ಗ್ಯಾಲರಿಯ ಈ ತುದಿಯಿಂದ ಆ ತುದಿಯ ತನಕ ಒಂದೊಂದೇ ಬಾಗಿಲು ತಟ್ಟುತ್ತ ಹೋದದ್ದು ನನಗೆ ಕೇಳಿಸಿತು. ಕನ್ನಡದವರಿಗೆ, "ಊಟಕ್ಕ ಬರ್ರಿ. ಮಗಳು ಅಡಿಗಿ ಮಾಡ್ಯಾಳ." ಮರಾಠಿಯವರಿಗೆ ತನ್ನ ಹರಕು ಮುರುಕು ಮರಾಠಿಯಲ್ಲಿ, "ಜೇವಾಯಲಾ ಯಾ. ಮುಲಗೀನೇ ಕೇಲಾ." ಪಕ್ಕದ ಗುಜರಾತಿ ಅಜ್ಜಿಗೆ ಯಾವ ಭಾಷೆಯೂ ಬಾರದೆ ಕೈ ಸನ್ನೆ ಮಾಡಿದ. ಎಲ್ಲರೂ ತಮ್ಮ ತಮ್ಮ ತಟ್ಟೆ ಹಿಡಿದು ಬಂದರು. ಕೋಣೆ ಸಾಲದೆ ಗ್ಯಾಲರಿಯಲ್ಲಿ ಕೂತರು. ಅಪ್ಪ ಯಾರ ಕೈಗೂ ಸೌಟು ಕೊಡಲಿಲ್ಲ, ತಾನೇ ಬಗ್ಗಿ ಬಗ್ಗಿ ಬಡಿಸಿದ. "ಇನ್ನ ಸ್ವಲ್ಪ ಹಾಕ್ಕೋರಿ, ಭಾಳ ಐತಿ," ಎಂದು ಒತ್ತಾಯ ಮಾಡುತ್ತಿದ್ದ. ಅಪ್ಪ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು. ಬಾಗಿಲ ಹಿಂದೆ ನಿಂತು ನಾನು ಅಳುತ್ತಲೇ ನಕ್ಕೆ.

ಎಲ್ಲರೂ ಎದ್ದು ಹೋದ ಮೇಲೆ ಅವನು ಗ್ಯಾಲರಿ ಗುಡಿಸಿದ. ನನ್ನ ಕಡೆ ನೋಡದೆ, "ಅತ್ತಿಗೆ ನಾಳೆ ಬರದು ಹಾಕತೀನಿ, ನೀ ಬರಂಗಿಲ್ಲಂತ," ಎಂದ.

"ಪರವಾನಗಿ ಇನ್ನೂ ಬಂದಿಲ್ಲಪ್ಪ. ಬರತೈತೋ ಇಲ್ಲೋ ಬಾಯಿಯವರಿಗೂ ಗೊತ್ತಿಲ್ಲ."

"ಬರ್ಲಿ, ಬಿಡ್ಲಿ. ದೂರದ್ದರ ಸಾಲಿ ನೋಡೋಣು. ನಾ ಪಾಳಿ ಬದ್ಲಿ ಮಾಡಿಸಿಕೊಂಡು ಲೋಕಲ್‌ದಾಗ ಕರಕೊಂಡು ಹೋಗತೀನಿ." ಕಸಬರಿಗೆ ಮೂಲೆಗಿಟ್ಟ. ಸ್ವಲ್ಪ ತಡೆದು ಹೇಳಿದ, "ಒಬ್ಬಾಕಿನ್ನ ಹ್ಯಾಂಗ ಬಿಡ್ಲಿ, ಒಬ್ಬಾಕಿನ್ನ ಹ್ಯಾಂಗ ಬಿಡ್ಲಿ ಅಂತ ನಿನ್ನ ಹೆಸರ್ಲೆ ಅಂದೆ. ನೀ ಹ್ವಾದ್ರ ಒಬ್ಬಾವ ಆಗಾಂವ ನಾನವ್ವ."

ಅವನು ಇನ್ನೂ ಊಟ ಮಾಡಿರಲಿಲ್ಲ. ಕೈ ತೊಳೆಯಲು ನೀರು ಕೊಟ್ಟು, ಕೂರಿಸಿ ಬಡಿಸಿದೆ.